ನನ್ನ ತರಗತಿಯ ನಿದ್ದೆ, ಅದರ ಸಂಶೋಧನೆ

ಗೊತ್ತಿಲ್ಲದ್ದನ್ನು ಕಲಿಸುವುದು ಸುಲಭ. ಅರ್ಧಂಬರ್ಧ ಗೊತ್ತಿರುವುದನ್ನು ಕಲಿಸುವುದೇ ಕಷ್ಟ. ಅಹಮದಾಬಾದಿನ ನವರಂಗಪುರದ ಒಂದು ಬಿ.ಎಡ್. ಕಾಲೇಜಿನಲ್ಲಿ ನಾನು ಹೇಳಿಕೊಡುವ ‘ಕ್ರಿಯಾ ಸಂಶೋಧನೆ’ ಈ ಎರಡನೆಯ ಜಾತಿಯದು. ಒಂದು ಪುಸ್ತಕ ಅದನ್ನು ನಮ್ಮ ಕೆಲಸವನ್ನು ನಾವೇ ಸುಧಾರಿಸಿಕೊಳ್ಳುವ ದಾರಿ ಎನ್ನುತ್ತದೆ. ಇನ್ನೊಂದು, ಅಲ್ಲ, ಅದು ಸಿದ್ಧಾಂತ ಕಟ್ಟುವ ದಾರಿ ಎನ್ನುತ್ತದೆ. ಮೂರನೆಯದು ಎರಡೂ ಹೌದು ಎಂದು ಕೈತೊಳೆದುಕೊಳ್ಳುತ್ತದೆ. ನಾನು ಮೂರನ್ನೂ ಬರೆಸಿಬಿಟ್ಟಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಭಾವನಾಬೆನ್ ಎಂಬ ವಿದ್ಯಾರ್ಥಿನಿ ಎದ್ದು ನಿಂತು, “ಸಾಹೇಬ್, ಯಾವುದನ್ನು ಬರೆದರೆ ಪಾಸಾಗ್ತೀವಿ?” ಎಂದು ಹಿಂದಿಯಲ್ಲಿ ಕೇಳಿದಳು. ನನಗೂ ಅದೇ ಅನುಮಾನವಿತ್ತು. ಒಂದು ವಾರದಲ್ಲಿ ಹೇಳುತ್ತೇನೆಂದು ತಪ್ಪಿಸಿಕೊಂಡೆ.

ಮನೆಗೆ ಬಂದು ಹೆಂಡತಿಯ ಮುಂದೆ ಗೋಳು ಹೇಳಿಕೊಂಡೆ. ಇಲ್ಲಿನ ಸಿಹಿ ದಾಲ್ ಎಷ್ಟು ಉಂಡರೂ ಅವಳ ಧಾರವಾಡದ ಮಾತಿನ ಖಾರ ಇಳಿದಿಲ್ಲ. “ಅಲ್ರೀ, ಈಜು ಕಲಿಸೋವ್ರು ಒಮ್ಮೆರ ನೀರಿಗೆ ಇಳೀಬೇಕಲ್ಲ? ನೀವು ಎಂದಾರ ಅದನ್ನ ಮಾಡೀರೇನು?” ಎಂದಳು. ಮಾಡಿರಲಿಲ್ಲ. ಮಾಡಿ ನೋಡಿದರೆ ವ್ಯಾಖ್ಯೆ ತಾನಾಗಿಯೇ ಸಿಕ್ಕೀತು ಎಂದುಕೊಂಡೆ.

ಸಮಸ್ಯೆ ಹುಡುಕಲು ದೂರ ಹೋಗಬೇಕಿರಲಿಲ್ಲ. ಊಟವಾದ ಮೇಲಿನ ನನ್ನ ತರಗತಿಯಲ್ಲಿ ಎಲ್ಲರೂ ತೂಕಡಿಸುತ್ತಾರೆ. ಅನ್ನ, ದಾಲ್, ಮೇಲೊಂದು ಲೋಟ ಮಜ್ಜಿಗೆ; ತಪ್ಪು ಅವುಗಳದ್ದೇ ಎಂದು ನಾನು ನಂಬಿದ್ದೆ. ಮೊದಲು ಕಿಟಕಿ ತೆರೆಸಿದೆ. ಆಟೋಗಳ ಸದ್ದೇ ಅವರಿಗೆ ಜೋಗುಳವಾಯಿತು. ಆಮೇಲೆ ಹಾಸ್ಯ ಮಾಡಿದೆ. ಎಚ್ಚರವಾಗಿದ್ದ ಇಬ್ಬರೂ ಮಲಗಿದರು. ಮರುದಿನ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಲು ಹೊರಟಾಗ ಭಾವನಾಬೆನ್ ಆಕಳಿಸುತ್ತಲೇ ಹೇಳಿದಳು: “ಸಾಹೇಬ್, ನಿದ್ದೆ ನಮ್ಮದು, ಸಂಶೋಧನೆ ಮಾತ್ರ ನಿಮ್ಮದೊಬ್ಬರದ್ದೇ? ನಮ್ಮನ್ನೂ ಒಂದು ಮಾತು ಕೇಳಿ.”

ಕಷ್ಟ ಯಾರದೋ ಅವರೂ ಸಂಶೋಧಕರಾಗಬೇಕು ಎಂದು ನಾನೇ ಬರೆಸಿದ್ದೆ. ಕೇಳಿದೆ. ಅವರು ಗುಂಪಾಗಿ ಕೂತು ಗುಜರಾತಿಯಲ್ಲಿ ಗುಸುಗುಸು ಮಾತಾಡಿ, ನಿದ್ದೆಗೆ ಕಾರಣ ಮಜ್ಜಿಗೆಯಲ್ಲ, ಸಾಹೇಬರ ದನಿ ಎಂದು ತೀರ್ಮಾನಿಸಿದರು. ನಾಳೆ ಪಾಠ ಅವರದ್ದು, ಕೊನೆಯ ಬೆಂಚು ನನ್ನದು. ಮನಸ್ಸಿಗೆ ನೋವಾಯಿತು, ಆದರೂ ಒಪ್ಪಿದೆ.

ಮರುದಿನ ಒಬ್ಬರೂ ತೂಕಡಿಸಲಿಲ್ಲ. ಕೆಲಸವೋ ಸಿದ್ಧಾಂತವೋ ಎಂದು ಜಗಳವೇ ನಡೆಯಿತು. ಕಿಟಕಿಯಿಂದ ಗಾಳಿ ತಣ್ಣಗೆ ಬರುತ್ತಿತ್ತು. ಭಾವನಾಬೆನ್ ಬೋರ್ಡಿನ ಹತ್ತಿರ ಹೋಗಿ, “ಹಾಗಾದರೆ ಕ್ರಿಯಾ ಸಂಶೋಧನೆ ಎಂದರೆ...” ಎಂದು ಶುರುಮಾಡಿದ್ದು ಚೆನ್ನಾಗಿ ನೆನಪಿದೆ. ಆಮೇಲೆ ನೆನಪಿರುವುದು ಯಾರೋ ನನ್ನ ಭುಜ ಅಲುಗಾಡಿಸಿದ್ದು. ಬೋರ್ಡು ಒರೆಸಿಯಾಗಿತ್ತು. “ವ್ಯಾಖ್ಯೆ ಎಲ್ಲರೂ ಬರೆದುಕೊಂಡೆವು ಸಾಹೇಬ್. ಸರಿ ಇದೆ ತಾನೆ?” ಎಂದಳು ಭಾವನಾಬೆನ್. ಬಹಳ ಸರಿಯಾಗಿದೆ ಎಂದೆ.

ಸಂಜೆ ಹೆಂಡತಿ ಕೇಳಿದಳು, “ಸಿಕ್ತೇನ್ರೀ ನಿಮ್ಮ ವ್ಯಾಖ್ಯೆ?”

“ಹುಡುಗ್ರಿಗೆ ಸಿಕ್ತು” ಎಂದೆ. “ಪರೀಕ್ಷೆ ಪೇಪರ್ ತಿದ್ದುವಾಗ ನಾನೂ ಓದಿಕೋತೀನಿ.”