ಭಾವನ ಬ್ರಷ್ಷು, ನನ್ನ ಆಸಿಡ್ಡು

ಎಂಟುನೂರು ರೂಪಾಯಿ ಖರ್ಚಾಯಿತು. ಟೈಲ್ಸ್ ತೊಳೆಯುವವನು ಒಂದೂವರೆ ಸಾವಿರ ಕೇಳಿದ್ದ. ಆಸಿಡ್ಡೂ ಅವನದೇ, ತಂತಿ ಬ್ರಷ್ಷೂ ಅವನದೇ ಎಂದು ಒಪ್ಪಿಸಿ ಎಂಟುನೂರಕ್ಕೆ ಇಳಿಸಿದೆ. ವಿಜಯನಗರದಲ್ಲಿ ಈ ದರಕ್ಕೆ ಬಚ್ಚಲುಮನೆ ಕೂಡ ತೊಳೆಯುವುದಿಲ್ಲ. ನಾನು ತೊಳೆಸಿದ್ದು ನಮ್ಮ ಅಕ್ಕನ ಸಮಾಧಿಯ ಕಲ್ಲನ್ನು. ಯಾಕೆ ಅಂತೀರಾ? ಭಾವನಿಗೆ ಸಂತೋಷವಾಗಲಿ ಅಂತ.

ಈ ಭಾವನ ವಿಷಯ ಮೊದಲು ಹೇಳಬೇಕು. ಬಾಪೂಜಿನಗರದಿಂದ ಕೆಂಗೇರಿಯವರೆಗೆ ಅವರಿಗೆ ಬದುಕಿರುವವರಿಗಿಂತ ಸತ್ತವರ ಪರಿಚಯವೇ ಹೆಚ್ಚು. ಪಕ್ಕದ ಮನೆಯವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ರುದ್ರಭೂಮಿಯ ಮೂರನೇ ಸಾಲಿನಲ್ಲಿ ಐದನೆಯವರು ಯಾರು ಎಂದು ಕೇಳಿ ನೋಡಿ. ಹೆಸರು, ಊರು, ಕಲ್ಲಿನ ಜಾತಿ, ಯಾವ ಮೂಲೆ ಮುಕ್ಕಾಗಿದೆ, ಎಲ್ಲ ಹೇಳುತ್ತಾರೆ!

ಕರೆಂಟ್ ಆಫೀಸಿನಿಂದ ನಿವೃತ್ತರಾದ ಮೇಲೆ ಹೀಗಾದದ್ದು. ಅವರ ಜೊತೆಯವರೆಲ್ಲ ವಾಕಿಂಗು, ಸಕ್ಕರೆ ಕಾಯಿಲೆ ಅಂತ ಏನೋ ಒಂದನ್ನು ಹಿಡಿದುಕೊಂಡರು. ಭಾವ ಹಿಡಿದುಕೊಂಡದ್ದು ಹಳೆಯ ಸ್ಮಾರಕ, ಸಮಾಧಿಗಳನ್ನು ಕಾಪಾಡುವ ತರಬೇತಿ. ಎರಡು ವಾರ. ವಾಸ್ತುಶಿಲ್ಪ ಓದುವ ಮಕ್ಕಳ ನಡುವೆ ಅರವತ್ತು ದಾಟಿದವರು ಇವರೊಬ್ಬರೇ. ಮುಗಿಸಿಕೊಂಡು ಬಂದವರೇ ಅಕ್ಕನ ಅಡುಗೆಮನೆಯಿಂದ ಸ್ಪ್ರೇ ಬಾಟಲಿ ಎತ್ತಿಕೊಂಡರು. ಆಮೇಲೆ ಬ್ರಷ್ಷಿನ ಕಾಟ ಶುರುವಾಯಿತು. ಸವೆದು ಮೆತ್ತಗಾದ ಹಲ್ಲುಜ್ಜುವ ಬ್ರಷ್ಷು ಅಕ್ಷರದ ಸಂದಿಗೆ ಬಹಳ ಒಳ್ಳೆಯದಂತೆ. ಗೃಹಪ್ರವೇಶಕ್ಕೆ ಹೋದರೂ ಮನೆಯವರನ್ನು ಪಕ್ಕಕ್ಕೆ ಕರೆದು, ಹಳೇ ಬ್ರಷ್ಷಿದ್ದರೆ ಎಸೆಯಬೇಡಿ, ನನಗೆ ಕೊಡಿ ಎನ್ನುತ್ತಿದ್ದರು. ಬೀಗರ ಕಡೆಯವರೊಬ್ಬರು, ಮನೆಯಲ್ಲಿ ಅಷ್ಟು ಕಷ್ಟವೇ ಎಂದು ಅಕ್ಕನನ್ನು ಮೆಲ್ಲಗೆ ವಿಚಾರಿಸಿದರು.

ಕೆಂಗೇರಿಯ ಒಂದು ಗಲ್ಲಿಯಲ್ಲಿ ವೀರಗಲ್ಲಿದೆ. ಯಾವುದೋ ಕಾಲದಲ್ಲಿ ಊರಿನ ದನಗಳಿಗಾಗಿ ಹೊಡೆದಾಡಿ ಸತ್ತವನ ನೆನಪಿನ ಕಲ್ಲು. ಯಾರೋ ಅದಕ್ಕೆ ಬೆಳ್ಳಿ ಬಣ್ಣದ ಪೇಂಟ್ ಬಳಿದು ಬೀರುವಿನ ಬಾಗಿಲಿನ ಹಾಗೆ ಮಾಡಿದ್ದರು. ಭಾವ ಒಂದು ಭಾನುವಾರ ಅದರ ಮುಂದೆ ಕೂತು ಬಿದಿರು ಕಡ್ಡಿಯಿಂದ ಪೇಂಟಿನ ಸಿಪ್ಪೆ ಬಿಡಿಸತೊಡಗಿದರು. ದಿನವೂ ಅದಕ್ಕೆ ಪೂಜೆ ಮಾಡುವ ಹೆಂಗಸು ಓಡಿ ಬಂದರು.

“ಏನ್ ಸಾರ್, ನಮ್ ದೇವ್ರ ಬಟ್ಟೆ ಬಿಚ್ತಾ ಇದೀರಲ್ಲ, ನಾಚ್ಕೆ ಆಗಲ್ವಾ?”

“ಬಟ್ಟೆ ಅಲ್ಲಮ್ಮ, ಸ್ವೆಟರು. ಒಳಗೆ ಬೆವೀತಾ ಇದಾನೆ ಪಾಪ.”

ಆಕೆ ಎಬ್ಬಿಸಿ ಕಳಿಸಿದರು. ಮುಂದಿನ ಭಾನುವಾರ ಭಾವ ಮತ್ತೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಕಲ್ಲನ್ನು ಸುಮ್ಮನೆ ನೋಡುತ್ತ ನಿಂತರು. ಅದರ ಮುಂದಿನ ಭಾನುವಾರವೂ ಅಷ್ಟೇ. ನಾಲ್ಕನೆಯ ವಾರ ಆಕೆಯೇ ಬಿಂದಿಗೆಯಲ್ಲಿ ನೀರು ತಂದಿಟ್ಟು, ಇನ್ನೆಷ್ಟು ದಿನ ನಿಲ್ತೀರಾ, ಬಿಚ್ಚಿ ಅತ್ಲಾಗೆ ಎಂದರಂತೆ. ಚೌಕಾಸಿಯಲ್ಲೇ ಹೊಟ್ಟೆ ಹೊರೆದುಕೊಂಡ ನನಗೂ ಈ ವಿದ್ಯೆ ಬರುವುದಿಲ್ಲ.

ನಮ್ಮಲ್ಲಿ ಹೂಳುವ ಪದ್ಧತಿ. ಮೈಸೂರು ರಸ್ತೆಯಿಂದ ಸ್ವಲ್ಪ ಒಳಗಿರುವ ರುದ್ರಭೂಮಿಯಲ್ಲಿ ಭಾವ ಗುರುತಿಲ್ಲದವರ ಕಲ್ಲುಗಳನ್ನೂ ತೊಳೆಯುತ್ತಿದ್ದರು. ಒಮ್ಮೆ ಒಂದು ಕುಟುಂಬ ಬಂದು ನೋಡುತ್ತದೆ, ತಮ್ಮ ತಾತನ ಕಲ್ಲನ್ನು ಯಾರೋ ಮುದುಕ ಮಗುವಿಗೆ ಸ್ನಾನ ಮಾಡಿಸುವಂತೆ ಉಜ್ಜುತ್ತಿದ್ದಾನೆ. ನೀವು ನಮ್ಮ ತಾತನಿಗೆ ಏನಾಗಬೇಕು ಎಂದು ಕೇಳಿದರು. ಏನೂ ಆಗಬೇಕಿಲ್ಲ, ಸುಮ್ಮನೆ ಎಂದರು ಭಾವ. ತಾತನ ಹೆಸರಿನಲ್ಲಿ ಬಸವೇಶ್ವರನಗರದಲ್ಲೊಂದು ಸೈಟಿತ್ತು. ಹಾಗಿರುವಾಗ ಯಾರಾದರೂ ಸುಮ್ಮನೆ ಉಜ್ಜುತ್ತಾರೆಯೇ? ಮರುದಿನವೇ ಅವರು ವಕೀಲರ ಬಳಿಗೆ ಹೋಗಿ, ತಾತನಿಗೆ ಇನ್ನೊಂದು ಸಂಸಾರವೇನಾದರೂ ಇತ್ತೇ ಎಂದು ಹುಡುಕಿಸತೊಡಗಿದರು.

ಇಂಥವರು ನನ್ನನ್ನು ಬಿಟ್ಟಾರೆಯೇ? ಮುಂದಿನ ಸಲದ ತರಬೇತಿಗೆ ನೀನೂ ಬಾ ಎಂದು ಬೆನ್ನು ಹತ್ತಿದರು. ಸ್ಕೂಟರಿನಲ್ಲಿ ಟೈಲ್ಸಿನ ಸ್ಯಾಂಪಲ್ ಹೊತ್ತು ಬೀದಿ ಬೀದಿ ಅಲೆದು ಅಂಗಡಿ ಕಟ್ಟಿದವನು ನಾನು, ಕಲ್ಲಿನ ವಿಷಯ ನನಗೇ ಪಾಠವೇ ಎಂದೆ. ಊಟ ಚೆನ್ನಾಗಿರುತ್ತದೆ ಎಂದರು. ಒಂದು ದಿನದ ಮಟ್ಟಿಗೆ ಹೋದೆ. ಬೆಳಿಗ್ಗೆಯೆಲ್ಲ ಕಲ್ಲನ್ನು ಮುಟ್ಟದೆ ನೋಡುವುದು ಹೇಗೆ ಎಂಬ ಪಾಠ. ಮುಟ್ಟದಿರುವುದಕ್ಕೂ ತರಬೇತಿ ಬೇಕೇ? ಹೋಳಿಗೆ ಊಟ ಮುಗಿಸಿ, ಗಿರಾಕಿ ಕಾಯುತ್ತಿದ್ದಾನೆ ಎಂದು ಸುಳ್ಳು ಹೇಳಿ ಹೊರಟುಬಂದೆ. ತೊಳೆಯುವ ಪಾಠ ಮಧ್ಯಾಹ್ನ ಇತ್ತು.

ಅಕ್ಕ ಹೋದದ್ದು ಅದಾಗಿ ಎರಡು ವರ್ಷಕ್ಕೆ. ಕಲ್ಲಿನ ಮೇಲೆ ಏನು ಬರೆಸುವುದು ಎಂದು ಎಲ್ಲರೂ ಕೂತಾಗ ಭಾವ ಒಂದು ಚೀಟಿ ಕೊಟ್ಟರು. ಅಕ್ಕನ ಹೆಸರು, ಅದರ ಕೆಳಗೆ, ‘ಊಟ ಮಾಡಿಕೊಂಡು ಹೋಗಿ’. ದಾವಣಗೆರೆಯಿಂದ ಬಂದಿದ್ದ ಚಿಕ್ಕಪ್ಪ ಕೆಂಡವಾದರು. ರುದ್ರಭೂಮಿಯಲ್ಲಿ ಯಾರಾದರೂ ಊಟಕ್ಕೆ ಕರೆಯುತ್ತಾರೆಯೇ?

“ಅವ್ಳು ಇನ್ನೇನ್ ಹೇಳ್ತಿದ್ಲು, ನೀವೇ ಹೇಳಿ,” ಎಂದರು ಭಾವ.

ಚಿಕ್ಕಪ್ಪ ಚೀಟಿಯನ್ನು ನನ್ನ ಕೈಗೆ ದಾಟಿಸಿದರು. ಆ ಮನೆಗೆ ಬಂದು ರೊಟ್ಟಿ ತಿನ್ನದೆ ಹೋದವರಿಲ್ಲ. ಕೊರಿಯರ್ ತಂದವರೂ ತಿಂದು ಮುಗಿಸಿಯೇ ಸಹಿ ಹಾಕಿಸಿಕೊಂಡದ್ದುಂಟು.

ಭಾವ ಕೇಳಿದ್ದು ಗಟ್ಟಿ ಕರಿಕಲ್ಲು. ಅಂಗಡಿಯಲ್ಲಿ ಬಿಳಿ ಮಾರ್ಬಲ್ ತುಂಡೊಂದು ಉಳಿದಿದೆ, ದಂಡಕ್ಕೆ ಯಾಕೆ ಖರ್ಚು ಎಂದವನು ನಾನು. ಕೆತ್ತುವವನ ಹತ್ತಿರ ಮಾತಾಡಿದವನೂ ನಾನೇ. ಅವನು ಅಕ್ಷರಕ್ಕೆ ಇಷ್ಟು ಎಂದ, ನಾನು ಅರ್ಧಕ್ಕೆ ಇಳಿಸಿದೆ, ಅವನು ನಗುತ್ತಲೇ ಒಪ್ಪಿಕೊಂಡ. ಯಾಕೆ ನಕ್ಕ ಎಂದು ಆಗ ಹೊಳೆಯಲಿಲ್ಲ. ದರವನ್ನು ಅರ್ಧ ಇಳಿಸಿದರೆ ಅವನು ಅಕ್ಷರದ ಆಳವನ್ನು ಅರ್ಧ ಇಳಿಸುತ್ತಾನೆ, ಅಷ್ಟೇ. ಕಲ್ಲು ನೆಟ್ಟ ದಿನ ಭಾವ ಅಕ್ಷರದೊಳಗೆ ಉಗುರಾಡಿಸಿ, “ಆಳ ಸಾಲ್ದು ಕಣೋ,” ಎಂದರು. ಕಾಣುತ್ತದಲ್ಲ ಭಾವ, ಸಾಕು ಬಿಡಿ ಎಂದೆ.

ಹೋದ ವರ್ಷ ಭಾವನಿಗೆ ಮಂಡಿ ಆಪರೇಷನ್ ಆಯಿತು. ಮಳೆಗಾಲ ಪೂರ್ತಿ ದೀಪಾಂಜಲಿನಗರದ ಮನೆಯಲ್ಲೇ ಕೂತರು. ಅಕ್ಕನ ಕಲ್ಲು ಪಾಚಿ ಹಿಡಿದು ಕಪ್ಪಾಗಿದೆ ಎಂದು ನೋಡಿ ಬಂದು ಹೇಳಿದೆ. ಹಾಗೇ ಇರಲಿ, ನಾನು ಬರುವವರೆಗೆ ಮುಟ್ಟಬೇಡ ಎಂದರು. ಅಷ್ಟರಲ್ಲಿ ಪುಣ್ಯಸ್ಮರಣೆ ಹತ್ತಿರ ಬಂತು. ಅವರು ನೋಡಿ ಬೆರಗಾಗಲಿ ಎಂದು ಹಿಂದಿನ ದಿನ ಆಸಿಡ್ ಹುಯ್ಯಿಸಿದೆ. ಬಿದ್ದದ್ದೇ ತಡ, ನೊರೆ ಬುಸುಬುಸು ಉಕ್ಕಿತು. ಕೊಳೆ ಬಿಡುತ್ತಿದೆ ಎಂದು ಹಿಗ್ಗಿದೆ. ಬಿಡುತ್ತಿದ್ದದ್ದು ಕಲ್ಲು. ಮೇಲೆ ತಂತಿ ಬ್ರಷ್ಷು ಬೇರೆ. ನೊರೆ ಇಳಿದಾಗ ಹಾಲಿನಷ್ಟು ಬೆಳ್ಳಗಿತ್ತು, ಬರೀ ಬೆಳ್ಳಗೆ. ಒಣಗಿದ ಮೇಲೆ ಅಕ್ಷರ ಕಾಣುತ್ತದೆ ಎಂದು ಕೆಲಸದವನು ಹೇಳಿದ. ದುಡ್ಡು ಕೊಟ್ಟಾಗಿತ್ತು, ನಂಬಿದೆ.

ಬೆಳಿಗ್ಗೆ ಭಾವನನ್ನು ಆಟೋದಲ್ಲಿ ಕರೆತಂದೆ. ಕೋಲೂರಿಕೊಂಡು ಕಲ್ಲಿನ ಹತ್ತಿರ ಹೋದರು. ಆಮೇಲೆ ಕಷ್ಟಪಟ್ಟು ಬಗ್ಗಿ, ಕಣ್ಣು ಮುಚ್ಚಿ, ಬೆರಳಿನಿಂದ ಸಾಲನ್ನು ಹುಡುಕಿದರು. ಹೆಸರಿನ ಮೊದಲ ಅಕ್ಷರ ಸಿಕ್ಕಿರಬೇಕು, ಬೆರಳು ಅಲ್ಲಿ ನಿಂತಿತು. ಮುಂದಕ್ಕೆ ಎಲ್ಲೂ ನಿಲ್ಲಲಿಲ್ಲ. ಬೈಯಲಿ ಎಂದು ಕಾದೆ. ಬೈಯದಿದ್ದಾಗ ನಾನೇ ಶುರು ಮಾಡಿದೆ. ಹೊಸ ಕಲ್ಲು ಹಾಕಿಸೋಣ, ಗಟ್ಟಿ ಕರಿಕಲ್ಲು, ಕೇಳಿದಷ್ಟು ಆಳ, ಕೇಳಿದಷ್ಟು ದರ.

“ಅದಿರ್ಲಿ. ಮೊದ್ಲು ನೀರು ತಾ,” ಎಂದರು. “ಒಳಗಿನ್ನೂ ಆಸಿಡ್ ಇದೆ. ಕಲ್ಲಾದ್ರೂ ಉಳೀಲಿ.”

ನಲ್ಲಿಯಿಂದ ಹೊತ್ತು ತಂದು ಸುರಿದೆ. ಅವರು ಇನ್ನೂ ಎಂದರು, ಮತ್ತೆ ತಂದೆ. ಬಿಸಿಲು ನೆತ್ತಿಗೆ ಬಂದಾಗ ಸಾಕು ಎಂದು, ಚೀಲದಿಂದ ನೋಟ್‌ಬುಕ್ ತೆಗೆದರು. ತರಬೇತಿಯಲ್ಲಿ ಕಲಿಸಿದಂತೆ ಪ್ರತಿ ಕಲ್ಲಿಗೂ ಅದರಲ್ಲೊಂದು ಪುಟ: ಕಲ್ಲಿನ ಜಾತಿ, ಈಗಿನ ಸ್ಥಿತಿ, ಹಾನಿಗೆ ಕಾರಣ. ಹೆಗಲ ಮೇಲಿಂದ ಇಣುಕಿದೆ. ಆ ಪುಟಗಳಲ್ಲಿ ಅವರು ಯಾರಿಗೂ ರಿಯಾಯಿತಿ ತೋರಿಸಿರಲಿಲ್ಲ. ‘ಮೊಮ್ಮಗ, ಸಿಮೆಂಟ್ ಮೆತ್ತಿದ್ದು.’ ‘ಅಳಿಯ, ಎನಾಮಲ್ ಪೇಂಟ್.’ ಅಕ್ಕನ ಪುಟ ತೆರೆದು, ಹಾನಿಗೆ ಕಾರಣ ಎಂಬಲ್ಲಿ ‘ಮಳೆ’ ಎಂದು ಬರೆದರು.

ನಿಮಗಿಷ್ಟು ಹೇಳುತ್ತೇನೆ, ಕೇಳಿ. ಕಲ್ಲಿಗೆ ಆಸಿಡ್ ಬೇಡ, ಸೋಪಿನ ಪುಡಿ ಬೇಡ, ತಂತಿ ಬ್ರಷ್ ಬೇಡವೇ ಬೇಡ. ಬರೀ ನೀರು, ಮೆತ್ತನೆಯ ಬ್ರಷ್ಷು. ಕೆಳಗಿನಿಂದ ಮೇಲಕ್ಕೆ ತೊಳೆಯುತ್ತ ಹೋಗಿ, ಇಲ್ಲದಿದ್ದರೆ ಕೊಳೆ ಗೆರೆಗೆರೆಯಾಗಿ ಇಳಿದು ಕಲೆ ಉಳಿಯುತ್ತದೆ. ಬಿರುಕು ಬಿಟ್ಟಿದ್ದರೆ ಸಿಮೆಂಟ್ ಹಚ್ಚದೆ, ಸುಣ್ಣದ ಗಾರೆ ಗೊತ್ತಿರುವವರನ್ನು ಕೇಳಿ. ಕೆತ್ತುವವನು ಹೇಳಿದ ದರವನ್ನು ಕೊಟ್ಟುಬಿಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಫೋಟೊ ತೆಗೆದಿಡಿ. ಊರಿನವರ ಕಲ್ಲುಗಳ ಫೋಟೊ ಭಾವನ ಬಳಿ ರಾಶಿ ಇವೆ, ಅಕ್ಕನ ಕಲ್ಲಿನದೊಂದಿಲ್ಲ, ಅದನ್ನು ವಾರವಾರ ನೋಡುತ್ತಿದ್ದರಲ್ಲ, ಫೋಟೊ ಯಾಕೆ ಎಂದುಕೊಂಡಿರಬೇಕು. ಇನ್ನು ಕಲ್ಲು ಕಪ್ಪಾಗಿದೆ, ಮನೆಯವರು ಬಿಟ್ಟೇಬಿಟ್ಟಿದ್ದಾರೆ ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಹತ್ತಿರ ಹೋಗಿ ಒಮ್ಮೆ ಓದಿ. ಓದಲು ಆಗುತ್ತಿದ್ದರೆ ಅದು ಚೆನ್ನಾಗಿದೆ ಎಂದೇ ಲೆಕ್ಕ. ಹಾಗೇ ಬಿಟ್ಟು ಬನ್ನಿ.