ಹೆಡತಲೆಯ ವಿಮಾನದ ರೆಕ್ಕೆಗೆ ಮಂಜುಗಡ್ಡೆ ಕಟ್ಟದಂತೆ ನೋಡಿಕೊಳ್ಳುವ ಬಗ್ಗೆ

ಮಂಜುಗಡ್ಡೆ ನಿವಾರಣಾ ಇಲಾಖೆ
ಉಪವಿಭಾಗ ಕಚೇರಿ, ನಂಜನಗೂಡು

ಸಂಖ್ಯೆ: ಮಂ.ನಿ./ರೆಕ್ಕೆ/ಸಿಆರ್-1/2025-26
ದಿನಾಂಕ: 21-04-2025

ಸುತ್ತೋಲೆ

ವಿಷಯ: ಎರಡು ಸೀಟಿನ ಖಾಸಗಿ ವಿಮಾನಕ್ಕೆ ಮಂಜುಗಡ್ಡೆ ನಿವಾರಣಾ ವ್ಯವಸ್ಥೆಯನ್ನು ಆಯ್ಕೆ ಮಾಡುವ ಕುರಿತು.

ಉಲ್ಲೇಖ:
1. ಹೆಡತಲೆ ಗ್ರಾಮದ ಶ್ರೀ ಬೆಟ್ಟಯ್ಯನವರ ಅರ್ಜಿ.
2. ಅದೇ ಅರ್ಜಿ, ಜ್ಞಾಪನೆಯೊಂದಿಗೆ.
3. ಅದೇ ಅರ್ಜಿ, ಖುದ್ದಾಗಿ ತಂದು ಮೇಜಿನ ಮೇಲೆ ಕುಕ್ಕಿದ್ದು.
4. ಸ್ಥಳ ಮಹಜರು, ದಿ. 09-04-2025 (ಒದ್ದೆಯಾಗಿದೆ).

ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು, ನಿವೃತ್ತಿಯ ನಂತರ ಹಸು ಸಾಕಿಕೊಂಡಿರುವ ಸದರಿ ಬೆಟ್ಟಯ್ಯನವರು, ಹರಾಜಿನಲ್ಲಿ ಹಿಡಿದ ಹಳೆಯ ವಿಮಾನವೊಂದನ್ನು ರಿಪೇರಿ ಮಾಡಿ ಕೊಟ್ಟಿಗೆಯಲ್ಲಿ ನಿಲ್ಲಿಸಿರುತ್ತಾರೆ. ತಮ್ಮ ತಾಯಿ ಶ್ರೀಮತಿ ಮಹದೇವಮ್ಮ (81) ಅವರಿಗೆ ತಿ. ನರಸೀಪುರದಲ್ಲಿ ಕಪಿಲೆ ಕಾವೇರಿ ಕೂಡುವುದನ್ನು ಮೇಲಿನಿಂದ ತೋರಿಸಲು ಅನುಮತಿ ಕೋರಿರುತ್ತಾರೆ. ತಾಯಿಯ ಕಣ್ಣು ದಿನೇ ದಿನೇ ಸೋಲುತ್ತಿದ್ದು, ದೀಪಾವಳಿ ಹೊತ್ತಿಗೆ ಏನೂ ಕಾಣಿಸದೆಂದು ವೈದ್ಯರು ಹೇಳಿರುವುದರಿಂದ ಬೇಗ ಕೊಡಿ ಎಂದೂ ಬರೆದಿರುತ್ತಾರೆ. ಆದರೆ ನಮೂನೆಯ 14ನೇ ಕಲಂ, 'ಆಯ್ಕೆ ಮಾಡಿದ ಮಂಜುಗಡ್ಡೆ ನಿವಾರಣಾ ವ್ಯವಸ್ಥೆ' ಎಂಬಲ್ಲಿ "ನಮ್ಮ ಕಡೆ ಮಂಜುಗಡ್ಡೆ ಇಲ್ಲ" ಎಂದು ನಮೂದಿಸಿರುವುದು ಕಂಡುಬಂದಿದೆ. ಇದು ಉತ್ತರವಲ್ಲ, ಅಭಿಪ್ರಾಯ. ಆದಕಾರಣ ಸಂಬಂಧಪಟ್ಟವರೆಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ.

1. ಮೋಡದೊಳಗೆ ಹೋದ ವಿಮಾನದ ರೆಕ್ಕೆಯ ಮುಂದಂಚಿಗೆ ಮಂಜುಗಡ್ಡೆ ಕಟ್ಟಿದಲ್ಲಿ ವಿಮಾನ ಬೀಳುವ ಸಂಭವವಿರುತ್ತದೆ. ಏಪ್ರಿಲ್‌ನಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ಮೋಡವೇ ಇಲ್ಲವೆಂಬ ವಾದವನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಮೋಡಕ್ಕೆ ತಾಲ್ಲೂಕಿನ ಗಡಿ ಅನ್ವಯಿಸುವುದಿಲ್ಲ.

2. ಗಾಳಿ ತುಂಬಿದಾಗ ಉಬ್ಬಿ ಗಡ್ಡೆಯನ್ನು ಒಡೆಯುವ ರಬ್ಬರ್ ಪಟ್ಟಿಯನ್ನು ಆಯ್ಕೆ ಮಾಡಿದಲ್ಲಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯತಕ್ಕದ್ದಲ್ಲ. ಹಾರಾಟದ ನಡುವೆ ಪಂಕ್ಚರ್ ಆದಲ್ಲಿ ವಿಮಾನವನ್ನು ಪಕ್ಕಕ್ಕೆ ನಿಲ್ಲಿಸಿ, ರೆಕ್ಕೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವ ಜಾಗಕ್ಕೆ ಗುರುತು ಹಾಕಿದ ನಂತರವೇ ಮುಂದುವರಿಯುವುದು.

3. ರೆಕ್ಕೆಯ ಸಣ್ಣ ತೂತುಗಳಿಂದ ದ್ರವ ಜಿನುಗಿಸುವ ವ್ಯವಸ್ಥೆಯಾದಲ್ಲಿ, ದ್ರವವು ಸಿಹಿಯಾಗಿರುವುದರಿಂದ ಹಸುಗಳು ರೆಕ್ಕೆ ನೆಕ್ಕದಂತೆ ಎಚ್ಚರ ವಹಿಸತಕ್ಕದ್ದು. ನೆಕ್ಕಿದ ಹಸುವಿನ ಹಾಲು ಹೆಪ್ಪಾಗದೆ ಹೋದಲ್ಲಿ ಇಲಾಖೆ ಹೊಣೆಯಲ್ಲ.

4. ವಿದ್ಯುತ್‌ನಿಂದ ರೆಕ್ಕೆ ಕಾಯಿಸುವ ವ್ಯವಸ್ಥೆಯಾದಲ್ಲಿ, ತೋಟದ ಲೈನಿಗೆ ತ್ರೀ ಫೇಸ್ ಇರುವ ವೇಳೆಯಲ್ಲಿ ಮಾತ್ರ ಮಂಜುಗಡ್ಡೆ ಕಟ್ಟತಕ್ಕದ್ದು. ಸಿಂಗಲ್ ಫೇಸ್ ಇದ್ದಾಗ ಎಡ ರೆಕ್ಕೆಗೆ ಮಾತ್ರ.

5. ಎರಡನೇ ಸೀಟನ್ನು ಇಲಾಖೆಯ ಮಂಜುಗಡ್ಡೆ ವೀಕ್ಷಕರಾದ ಶ್ರೀ ನಂಜೇಶ್, ಪ್ರಥಮ ದರ್ಜೆ ಸಹಾಯಕರು, ಇವರಿಗೆ ಕಾಯ್ದಿರಿಸಲಾಗಿದೆ. ಇವರಿಗೆ ದೇವನೂರಿನ ಬಸ್ಸಿನಲ್ಲೇ ತಲೆ ಸುತ್ತುವುದು ಸೇವಾ ಪುಸ್ತಕದಲ್ಲಿ ದಾಖಲಾಗಿದೆ. ಮಹದೇವಮ್ಮನವರು ಅದೇ ವೇಳೆಗೆ ನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿ, ಕೆಳಗಿನಿಂದ ವಿಮಾನವನ್ನು ನೋಡಲು ಅಭ್ಯಂತರವಿಲ್ಲ.

6. ಯಾವುದೇ ವ್ಯವಸ್ಥೆ ಕೆಲಸ ಮಾಡುವುದೆಂದು ರುಜುವಾತಾಗಲು, ರೆಕ್ಕೆಯ ಮೇಲೆ ಗಡ್ಡೆ ಇರುವಾಗಲೇ ಮಹಜರು ಬರೆದು, ಗಡ್ಡೆ ಹೋದದ್ದನ್ನು ಕಂಡು ಐವರು ಪಂಚರು ಸಹಿ ಹಾಕತಕ್ಕದ್ದು. ಅದರಂತೆ ದಿ. 09ರಂದು ಬನ್ನೂರಿನ ಮೀನಂಗಡಿಯಿಂದ ಇಪ್ಪತ್ತು ಕೆಜಿ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ, ಮೂರು ಬಸ್ಸು ಬದಲಿಸಿ ತರಲಾಯಿತು. ಹೆಡತಲೆಯಲ್ಲಿ ಇಳಿದದ್ದು ತೆಂಗಿನಕಾಯಿ ಗಾತ್ರದ್ದು. ಬಾಕಿ ಗಡ್ಡೆಯು ಪ್ರಯಾಣಿಕರ ಕಾಲಡಿ ಹರಿದಿರುವುದಕ್ಕೆ ಇಲಾಖೆ ವಿಷಾದಿಸುತ್ತದೆ. ರೆಕ್ಕೆಯ ಮೇಲಿಟ್ಟು ಮಹಜರು ಓದಿ ಹೇಳುವಷ್ಟರಲ್ಲಿ ಅದು ನಿಂಬೆಹಣ್ಣಿನಷ್ಟಾಯಿತು. ಮೊದಲ ಪಂಚರಾದ ಶ್ರೀ ಕರಿಯಯ್ಯನವರು ಕನ್ನಡಕ ಹುಡುಕುವಷ್ಟರಲ್ಲಿ ಅಡಿಕೆಯಷ್ಟಾಯಿತು. ಆಗ ಮಹದೇವಮ್ಮನವರು ಕೊಟ್ಟಿಗೆಗೆ ಬಂದು ಸೆರಗಿನಿಂದ ರೆಕ್ಕೆಯನ್ನು ಒರೆಸಿಬಿಟ್ಟಿರುತ್ತಾರೆ. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಇಷ್ಟ್ ನೀರ್ಗೆ ಇಷ್ಟ್ ಜನ ಯಾಕ್ ಸಾ ನಿಂತಿದ್ದೀರಿ? ಒಳೆ ಎರಡೂ ಕೂಡೋದ ನೋಡ್ಬೇಕು ಅಂತ ನನ್ಗೆ. ಕಣ್ಣು ಇನ್ನೂ ವಸಿ ಅದೆ."

7. ಮೇಲ್ಕಂಡ ಹೇಳಿಕೆಯ ಬಳಿಕ ರೆಕ್ಕೆಯನ್ನು ಪರಿಶೀಲಿಸಲಾಗಿ, ಮಂಜುಗಡ್ಡೆ ಲವಲೇಶವೂ ಇಲ್ಲದಿರುವುದು ಕಂಡುಬಂದು, ಐವರೂ ಸಹಿ ಹಾಕಿರುತ್ತಾರೆ. ಸಾಕ್ಷಿಗಳ ಸಮಕ್ಷಮ ಕೆಲಸ ಮಾಡಿದ ಏಕೈಕ ವ್ಯವಸ್ಥೆ ಇದಾಗಿರುವುದರಿಂದ, 14ನೇ ಕಲಮಿನಲ್ಲಿ 'ಮಹದೇವಮ್ಮನವರ ಸೆರಗು' ಎಂದು ನಮೂದಿಸಲು ಮಂಜೂರಾತಿ ನೀಡಲಾಗಿದೆ.

8. ನಿವಾರಣಾ ವ್ಯವಸ್ಥೆಯು ಹಾರಾಟದುದ್ದಕ್ಕೂ ವಿಮಾನದಲ್ಲೇ ಇರತಕ್ಕದ್ದೆಂಬುದು ನಿಯಮ. ಸೆರಗನ್ನು ಮಹದೇವಮ್ಮನವರಿಂದ ಬೇರ್ಪಡಿಸಿ ಸಾಗಿಸುವುದು ಕಚೇರಿಯ ಮರ್ಯಾದೆಗೆ ತಕ್ಕದ್ದಲ್ಲವಾದ್ದರಿಂದ, ಅವರನ್ನು ಎರಡನೇ ಸೀಟಿನಲ್ಲಿ ಕಿಟಕಿಗೆ ಒತ್ತಿ ಕೂರಿಸತಕ್ಕದ್ದು. ಈ ಸುತ್ತೋಲೆಯ 5ನೇ ಅಂಶ ರದ್ದು. ನಂಜೇಶ್ ಅವರ ಲಿಖಿತ ಒಪ್ಪಿಗೆ ಕೇಳುವ ಮುನ್ನವೇ ಬಂದಿದೆ.

9. ರೆಕ್ಕೆಗೆ ಗಡ್ಡೆ ಕಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಲು ಸಂಗಮದ ಮೇಲೆ ಮೂರು ಸುತ್ತು ಹಾಕತಕ್ಕದ್ದು. ಮೂರನೆಯದನ್ನು ನಿಧಾನವಾಗಿ.

10. ಸದರಿ ಹಾರಾಟ ನಾಳೆ ಬೆಳಿಗ್ಗೆಯೇ ಆಗತಕ್ಕದ್ದು. ಈ ಕಡತವನ್ನು ಮತ್ತೊಂದು ದಿನ ಇಟ್ಟುಕೊಳ್ಳಲು ಈ ಕಚೇರಿಗೆ ಮನಸ್ಸಿಲ್ಲ.

(ಸಹಿ)
ಉಪ ಅಧೀಕ್ಷಕರು
ಮಂಜುಗಡ್ಡೆ ನಿವಾರಣಾ ಇಲಾಖೆ, ನಂಜನಗೂಡು

ಪ್ರತಿಗಳು:
1. ಶ್ರೀ ಬೆಟ್ಟಯ್ಯ, ಹೆಡತಲೆ: ಬೆಳಗಿನ ಹಾಲು ಕರೆದ ನಂತರ ಕ್ರಮಕ್ಕಾಗಿ.
2. ಶ್ರೀ ಕರಿಯಯ್ಯ, ಪಂಚರು: ಕನ್ನಡಕ ಸಿಕ್ಕಿದ್ದಲ್ಲಿ ಮಾಹಿತಿಗಾಗಿ.
3. ಮೀನಂಗಡಿ, ಬನ್ನೂರು: ಗೋಣಿಚೀಲ ಹಿಂದಿರುಗಿಸಲಾಗಿದೆ.
4. ಶ್ರೀಮತಿ ಮಹದೇವಮ್ಮ: ಪ್ರತಿ ಕಳುಹಿಸಿಲ್ಲ. ಇದನ್ನು ಓದಿ ಕಣ್ಣು ದಣಿಸಿಕೊಳ್ಳುವುದು ಬೇಡ.