ಮನಶ್ಶಾಸ್ತ್ರ ಓದಿದ ಹುಡುಗಿಗೆ ಏನು ಬರುತ್ತದೆ?

ಮನಶ್ಶಾಸ್ತ್ರ ಓದಿದವರಿಗೆ ಏನು ಕೆಲಸ ಸಿಗುತ್ತದೆ ಎಂದು ಕೇಳದ ಮನುಷ್ಯನನ್ನು ಹಾನಗಲ್ಲಿನಲ್ಲಿ ನಾನು ಇನ್ನೂ ನೋಡಿಲ್ಲ. ಪದವಿ ಕಾಲೇಜಿನಲ್ಲಿ ಆ ವಿಷಯ ಕಲಿಸುವವನೂ ನಾನೇ, ವಿದ್ಯಾರ್ಥಿಗಳಿಗೆ ನೌಕರಿಯ ದಾರಿ ತೋರಿಸುವ ಹೊಣೆ ಹೊತ್ತವನೂ ನಾನೇ. ಹಾಗಾಗಿ ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಒಮ್ಮೆ ಸಾವಿನ ಮನೆಯಲ್ಲಿ ಕೂಡ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ನಗುವ ಸ್ವಭಾವ ನನ್ನದಲ್ಲ. ಆದರೆ ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿಗೆ ಕೆಲಸ ಹುಡುಕಹೊರಟಾಗ ನಡೆದದ್ದನ್ನು ನೆನೆದರೆ ಮುಖ ಬಿಗಿಹಿಡಿಯುವುದು ಈಗಲೂ ಕಷ್ಟ.

ಒಂದು ಹಾಳೆ

ಹುಡುಗಿ ಆಡೂರಿನವಳು. ತಂದೆ ಟ್ರ್ಯಾಕ್ಟರ್ ರಿಪೇರಿ ಮಾಡುವವರು. ಫಲಿತಾಂಶ ಬಂದ ವಾರ ಮಗಳನ್ನು ಕರೆದುಕೊಂಡು ನನ್ನ ಕೊಠಡಿಗೆ ಬಂದರು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಸರ, ಸಣ್ಣಾಕಿ ಪಿಯುಸಿ ಮುಗಿಸ್ಯಾಳ. ಅಕ್ಕ ಓದಿದ್ದನ್ನ ನಾನೂ ಓದ್ತೇನಿ ಅಂತ ಹಟಾ ಹಿಡದಾಳ. ಅಡ್ಮಿಷನ್ ಮುಗಿಯೂದ್ರಾಗ ದೊಡ್ಡಾಕಿಗೆ ನೌಕರಿ ಸಿಕ್ತು ಅಂದ್ರ ಸಣ್ಣಾಕಿನೂ ನಿಮ್ಮ ಕಡೆ ಕಳಸ್ತೇನಿ. ಇಲ್ಲಾಂದ್ರ ಅಕಿ ಕಾಮರ್ಸಿಗೆ. ಒಂದ ಮನ್ಯಾಗ ಅದ ತಪ್ಪು ಎರಡು ಸಲ ಮಾಡೂದಿಲ್ಲ."

ನನ್ನ ವಿಷಯಕ್ಕೆ ತಪ್ಪು ಎಂಬ ಹೆಸರು ಬಂದದ್ದು ಚುಚ್ಚಿತು. ಇಂಗ್ಲಿಷ್ ಮಾಧ್ಯಮದಲ್ಲಿ ಬೆತ್ತದ ಕೆಳಗೆ ಓದಿದವನು ನಾನು. ಅಲ್ಪವಿರಾಮ ತಪ್ಪಿದರೂ ಹಾಳೆ ಹರಿಯುತ್ತೇನೆ. ಮೂರು ಹಾಳೆ ಹರಿದ ಮೇಲೆ ಅವಳ ಬಯೋಡೇಟಾ ಸಿದ್ಧವಾಯಿತು. ಯಾವ ಉದ್ಯೋಗಕ್ಕೂ ಒದಗುವ ಕೌಶಲಗಳೆಂದು ನಾಲ್ಕನ್ನು ಬರೆಸಿದ್ದೆ: ಗಮನವಿಟ್ಟು ಆಲಿಸುವುದು, ನಡವಳಿಕೆಯ ಅವಲೋಕನ, ಮಾಹಿತಿ ಸಂಗ್ರಹ, ಸಂಘರ್ಷ ನಿವಾರಣೆ. ತಂದೆಗೆ ಗಂಭೀರವಾಗಿ ಓದಿ ಹೇಳಿದೆ.

"ಅಂದ್ರ, ಮಂದಿ ಮಾತು ಕೇಳೂದು, ಅವರನ್ನ ನೋಡೂದು, ಸುದ್ದಿ ತಿಳ್ಕೊಳೂದು, ಜಗಳಾ ಬಿಡಸೂದು. ಹೌದಲ್ರಿ?"

"ಹೌದು."

"ಇವೆಲ್ಲಾ ಇವರವ್ವಗ ಬರ್ತಾವ್ರಿ ಸರ. ಅಕಿ ಸಾಲ್ಯಾಗ ಮೂರನೇ ಇಯತ್ತೆನೂ ಮುಗಿಸಿಲ್ಲ."

ಆಲಿಸುವಿಕೆ

ಸವಣೂರಿನಲ್ಲಿ ಖಾರಾ, ಅಂದರೆ ಕರಿದ ಕುರುಕಲು ತಿಂಡಿ, ತಯಾರಿಸುವ ಮಾಲೀಕರೊಬ್ಬರಿಗೆ ಫೋನಿನಲ್ಲಿ ಗಿರಾಕಿಗಳ ದೂರು ಕೇಳುವವರು ಬೇಕಾಗಿದ್ದರು. ನಾನೇ ಜೊತೆಗೆ ಹೋದೆ. ಒಳಗೆ ಕಡಾಯಿ ಕುದಿಯುತ್ತಿತ್ತು. ಮಾಲೀಕರ ಮುಖವೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

"ಸಿಟ್ಟಿಗೆದ್ದಾವ ಫೋನ್ ಮಾಡಿದ್ರ ಏನ್ ಮಾಡ್ತೀಯವಾ?"

"ನಡುವ ಬಾಯಿ ಹಾಕಲಾರ್ದ ಪೂರ್ತಿ ಕೇಳ್ತೇನ್ರಿ."

"ಹಂಗಾರ ಕೇಳು," ಎಂದವರು ತಮ್ಮ ಅಣ್ಣನ ಕಥೆ ತೆಗೆದರು. ಅಣ್ಣ ಬೇರೆಯಾಗಿ, ಎದುರಿಗೇ ಖಾರಾದ ಅಂಗಡಿ ಇಟ್ಟು, ಮಾತು ಬಿಟ್ಟಿದ್ದರು. ಒಂದೂಕಾಲು ತಾಸು ಹೇಳಿದರು. ಹುಡುಗಿ "ಹೂಂರಿ, ಆಮ್ಯಾಲ?" ಎಂಬುದರ ಹೊರತು ಏನೂ ಅನ್ನಲಿಲ್ಲ. ಕೊನೆಗೆ ಮಾಲೀಕರು ಕಣ್ಣೊರೆಸಿಕೊಂಡು, "ಎದಿ ಹಗರಾತು ನೋಡು. ಯಾರೂ ಇಷ್ಟು ಕೇಳಿರ್ಲಿಲ್ಲ. ಇವತ್ತ ಅಣ್ಣನ ಕಡೆ ಹೋಗಿ ಮಾತಾಡ್ತೇನಿ. ನೀ ಸೋಮವಾರದಿಂದ ಬಾ," ಎಂದರು.

ಬಸ್ಸಿನಲ್ಲಿ ನಾನು ಅವಳನ್ನು ಹೊಗಳಿದೆ. ಅದು ನನ್ನ ರೂಢಿಯಲ್ಲ.

ರವಿವಾರ ಫೋನ್ ಬಂತು. ಅಣ್ಣತಮ್ಮಂದಿರು ಒಂದಾಗಿದ್ದರು, ಅಂಗಡಿಗಳೂ ಒಂದಾಗಿದ್ದವು. ಅಣ್ಣನ ಅಂಗಡಿಯಲ್ಲಿ ಫೋನ್ ಎತ್ತುವ ಸೊಸೆ ಮೊದಲೇ ಇದ್ದಳು.

ಮಾಹಿತಿ ಸಂಗ್ರಹ

ಶಿಗ್ಗಾವಿಯ ಖಾಸಗಿ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಮಕ್ಕಳು ಗಣಿತದ ಪೀರಿಯಡ್ಡಿಗೆ ಸರಿಯಾಗಿ ಹೊಟ್ಟೆನೋವು ಎಂದು ಮಲಗುತ್ತಿದ್ದರು. ಕಾರಣ ಕಂಡುಹಿಡಿದರೆ ಆಪ್ತ ಸಲಹೆಗಾರ್ತಿಯ ಕೆಲಸ ಕೊಡುವುದಾಗಿ ಅಧ್ಯಕ್ಷರು ಒಪ್ಪಿದರು. ಒಂದು ವಾರದ ಪರೀಕ್ಷೆ.

ಹುಡುಗಿ ಒಬ್ಬೊಬ್ಬ ಮಗುವನ್ನೂ ಬೇರೆಬೇರೆ ಕೂಡಿಸಿ ಕೇಳಿದಳು, ಬರೆದುಕೊಂಡಳು, ಕೋಷ್ಟಕ ಹಾಕಿದಳು. ವರದಿಯಲ್ಲಿ ನಾನು ತಿದ್ದಬೇಕಾದದ್ದು ಒಂದು ಅಕ್ಷರವೂ ಇರಲಿಲ್ಲ. ಹೊಟ್ಟೆನೋವಿಗೆ ಕಾರಣ ಗಣಿತವಲ್ಲ, ಗಣಿತದ ಮಾಸ್ತರರ ಹೊಡೆಯುವ ಕೈ. ಮಾಸ್ತರರು ಅಧ್ಯಕ್ಷರ ಅಳಿಯ.

ಇದನ್ನು ಸ್ವಲ್ಪ ಮೆದುವಾಗಿ ಬರೆಯೋಣವೇ ಎಂದು ಹುಡುಗಿ ಕೇಳಿದಳು. ಸತ್ಯಕ್ಕೆ ಮೆದು, ಗಟ್ಟಿ ಎಂಬುದಿಲ್ಲ ಎಂದು ನಾನೇ ತಡೆದೆ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ವರದಿ ಭಾಳ ಚಲೋ ಐತ್ರಿ. ಮಕ್ಕಳು ಹೇಳಿದ್ದೂ ಖರೇನ ಇರಬೇಕು. ಆದ್ರ ನೋಡ್ರಿ, ಅಳಿಯನ್ನ ಬಿಡಸಾಕ ನನ್ನ ಕೈಲೆ ಆಗೂದಿಲ್ಲ. ಇಕಿನ್ನ ಬಿಡಸಾಕ ಆಗ್ತೈತಿ."

ಬಸ್ತಾ

ಅಡ್ಮಿಷನ್ ಮುಗಿಯಲು ಎರಡು ದಿನ ಉಳಿದಿತ್ತು. ಹುಡುಗಿ ನನಗೂ ಹೇಳದೆ, ಮನೆಯಲ್ಲೂ ಹೇಳದೆ, ಹಾನಗಲ್ಲಿನ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ, ಸದ್ಯ ಪರೀಕ್ಷೆಗೆಂದು, ಸೇರಿದ್ದಾಳೆ ಎಂದು ತಿಳಿಯಿತು. ಬಯೋಡೇಟಾ ಕೂಡ ಕೊಟ್ಟಿರಲಿಲ್ಲವಂತೆ. ಬೈಯಲೆಂದೇ ಹೋದೆ.

ಮಾಳಿಗೆಯ ಮೇಲೆ ಬಸ್ತಾ ನಡೆದಿತ್ತು. ಮದುವೆಯ ಜವಳಿ ತೆಗೆಯುವುದಕ್ಕೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ಎರಡೂ ಕಡೆಯ ಬೀಗರು ಗಾಡಿ ತುಂಬಿಕೊಂಡು ಬರುತ್ತಾರೆ. ಮಾತಾಡುವವರು ಹತ್ತು ಮಂದಿ. ಒಪ್ಪಿಗೆ ಮಾತ್ರ ಯಾರೋ ಒಬ್ಬರದು. ಆ ಒಬ್ಬರು ಯಾರೆಂದು ಯಾರೂ ಹೇಳುವುದಿಲ್ಲ. ಹಿರೇಕೆರೂರಿನ ಕಡೆಯ ಈ ಗಂಡಿನವರು ಮೂರು ತಾಸಿನಿಂದ ಕುಂತಿದ್ದರು. ಗಾದಿಯ ಮೇಲೆ ಸೀರೆಗಳ ರಾಶಿ. ಅಂಗಡಿಯ ಮಾಲೀಕರು ತಲೆಯ ಮೇಲೆ ಕೈ ಹೊತ್ತಿದ್ದರು.

ಹುಡುಗಿ ನನ್ನನ್ನು ಕಂಡು ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸರ್, ಮೂಲ್ಯಾಗ ಕುಂತಾರಲ್ಲ, ಅವರು ವರನ ಸೋದರತ್ತಿ. ಪ್ರತಿ ಸೀರಿ ತೆಗದಾಗೂ ಎಲ್ಲಾರೂ ಒಮ್ಮೆ ಅವರ ಮಾರಿ ನೋಡ್ತಾರ. ಆದ್ರ ಬಾಯಿ ಬಿಟ್ಟು ಅವರನ್ನ ಯಾರೂ ಕೇಳಿಲ್ಲ."

ಹೋಗಿ ಆ ಅತ್ತೆಯ ಮುಂದೆ ಕುಳಿತಳು. "ಅತ್ತಿಯಾರ, ನಿಮಗ ಯಾವ್ದು ಮನಸಿಗೆ ಬಂತ್ರಿ?"

"ನನ್ನನ್ನೇನು ಕೇಳ್ತೀಯವಾ, ನಾ ಯಾರ?" ಎಂದ ಅತ್ತೆ, ಮರುಕ್ಷಣವೇ ರಾಶಿಯಿಂದ ಎರಡು ಸೀರೆ ಎಳೆದಿಟ್ಟರು. ಇಡೀ ಮಾಳಿಗೆ ಉಸಿರು ಬಿಟ್ಟಿತು. ಆದರೆ ಆ ಎರಡರಲ್ಲಿ ಒಂದನ್ನು ಆರಿಸಲು ಅವರಿಗೂ ಆಗಲೊಲ್ಲದು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಹುಡುಗಿಯ ತಂದೆ ಬಂದರು. ಯಾರೋ ಊರಿಗೆ ಸುದ್ದಿ ಮುಟ್ಟಿಸಿದ್ದರು.

"ನಡಿ ಮನಿಗೆ! ಸೀರಿ ಮಡಚಾಕ ಡಿಗ್ರೀ ಬೇಕಾಗಿತ್ತೇನು?"

ಅದೇ ಮಾತನ್ನು ಹೇಳಲು ನಾನೂ ಬಂದಿದ್ದೆ. ನಮ್ಮಿಬ್ಬರ ಅಭಿಪ್ರಾಯ ಕೂಡಿದ್ದು ಅದೇ ಮೊದಲು.

ಹುಡುಗಿ ವಾದಿಸಲಿಲ್ಲ. "ಬರ್ತೇನಪ್ಪಾ. ಪಾಪ, ಇವರು ಮುಂಜಾನಿಂದ ಕುಂತಾರ. ಅವ್ವಗ ತಗೊಳ್ಳೂದಾಗಿದ್ರ ನೀ ಇವೆರಡರಾಗ ಯಾವ್ದು ತಗೋತಿದ್ದಿ? ಅಷ್ಟ ಹೇಳು, ಹೋಗೂಣು."

ಇಪ್ಪತ್ತು ಹೆಂಗಸರು ಒಮ್ಮೆಲೆ ಅವರತ್ತ ತಿರುಗಿದರು. ಸೀರೆಯ ವಿಷಯದಲ್ಲಿ ಆ ಮನುಷ್ಯನನ್ನು ಜನ್ಮದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಕೈಯನ್ನು ಅಂಗಿಗೆ ಒರೆಸಿಕೊಂಡರು. ಎಂಜಿನ್ನಿನ ಭಾಗ ಪರೀಕ್ಷಿಸುವವರಂತೆ ಅಂಚನ್ನು ತಿರುವಿ ನೋಡಿದರು, ಜಗ್ಗಿ ನೋಡಿದರು, ಬೆಳಕಿಗೆ ಹಿಡಿದರು. "ಇದು. ಇದರ ಅಂಚು ಗಟ್ಟಿ ಐತಿ."

"ನಾನೂ ಅದನ್ನ ಅನ್ನಾಕತ್ತಿದ್ದೆ!" ಎಂದರು ಅತ್ತೆ. "ಅಣ್ಣಾರ, ಕುಂದರ್ರಿ. ಬೀಗತ್ಯಾರ ಸೀರಿನೂ ನೀವ ನೋಡಿಬಿಡ್ರಿ."

ಕುಂತರು. ಬೀಗಿತ್ತಿಯರ ಸೀರೆ ಮುಗಿದು, ನಾದಿನಿಯರದು ಮುಗಿದು, ಅಡಿಗೆಯವಳಿಗೆ ಕೊಡುವುದೂ ಮುಗಿದ ಮೇಲೆ ಎದ್ದರು. ಮಾಲೀಕರು ಹುಡುಗಿಯ ಕೆಲಸ ಅಲ್ಲೇ ಖಾಯಂ ಮಾಡಿದರು.

ತಂದೆ ನನ್ನ ಜೊತೆಗೇ ಮೆಟ್ಟಿಲಿಳಿದರು. ಬೀದಿಗೆ ಬಂದ ಮೇಲೆ ನಿಂತರು.

"ಸಣ್ಣಾಕಿ ಫಾರ್ಮ್ ಕೊಡ್ರಿ ಸರ, ನಾಳೆ ತುಂಬತೇನಿ. ಆದ್ರ ಒಂದು ಮಾತು ನೀವು ಬರದು ಕೊಡಬೇಕು."

"ಏನು?"

"ಕಲ್ತದ್ದನ್ನ ಮನ್ಯಾಗ ನನ್ನ ಮ್ಯಾಲ ಪ್ರಯೋಗ ಮಾಡಬಾರದು ಅಂತ. ಮಗಳನ್ನ ಎಳಕೊಂಡು ಹೋಗಾಕ ಬಂದಾವ, ಹನ್ನೊಂದು ಸೀರಿ ಮಾರಿ ಹೊಂಟೇನ್ರಿ!"